ಟಿಬಿ ವಾಸಿಯಾಯಿತು, ಉಸಿರು ಮಾತ್ರ ಸರಿಹೋಗಲಿಲ್ಲ: ಕ್ಷಯದಿಂದ ಕಿರಿದಾದ ಶ್ವಾಸನಾಳದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾತ್ರೆಯ ಕೋರ್ಸ್ ಮುಗಿಸಿ, ಕಫದಲ್ಲಿ ಏನೂ ಇಲ್ಲ ಎನಿಸಿಕೊಂಡು ನೆಮ್ಮದಿಯಿಂದ ಮನೆಗೆ ಹೋದವರಲ್ಲಿ ಕೆಲವರು ಕೆಲವೇ ತಿಂಗಳಲ್ಲಿ ಏದುಸಿರು ಬಿಡುತ್ತಾ ಮತ್ತೆ ಬರುತ್ತಾರೆ. ಅಷ್ಟರಲ್ಲಿ ಅವರ ಕೈಗೆ ಒಂದು ಇನ್‌ಹೇಲರ್ ಬಂದಿರುತ್ತದೆ. 'ದಮ್ಮು ಶುರುವಾಗಿದೆಯಂತೆ ಡಾಕ್ಟ್ರೇ' ಎನ್ನುತ್ತಾರೆ. ಎದೆರೋಗದ ವೈದ್ಯನಾಗಿ ಇಂಥವರು ಮತ್ತು ಅವರ ಮನೆಯವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಬಿಡಿಸಿ ಉತ್ತರ ಬರೆದಿದ್ದೇನೆ. ಒಪಿಡಿಯ ಹತ್ತು ನಿಮಿಷದಲ್ಲಿ ಇಷ್ಟೆಲ್ಲ ಹೇಳಲು ಆಗುವುದಿಲ್ಲ.

ಟಿಬಿ ಕ್ರಿಮಿ ಸತ್ತಿದೆ ಎಂದ ಮೇಲೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುವುದು ಏಕೆ?

ಮಾತ್ರೆ ಕ್ರಿಮಿಯನ್ನು ಕೊಲ್ಲುತ್ತದೆ. ಕ್ರಿಮಿ ಮಾಡಿಟ್ಟು ಹೋದ ಗಾಯ ಹೇಗೆ ಮಾಯಬೇಕು ಎನ್ನುವುದು ಮಾತ್ರೆಯ ಹಿಡಿತದಲ್ಲಿಲ್ಲ. ಟಿಬಿ ಎಂದರೆ ನಾವು ಶ್ವಾಸಕೋಶದ ಹುಣ್ಣು ಎಂದೇ ಅಂದುಕೊಳ್ಳುತ್ತೇವೆ. ಆದರೆ ಕೆಲವರಲ್ಲಿ ಅದು ಗಾಳಿ ಓಡಾಡುವ ದಾರಿಯ ಒಳಗೋಡೆಗೇ ತಗಲುತ್ತದೆ. ಗಂಟಲಿನಿಂದ ಇಳಿಯುವ ಮುಖ್ಯ ಶ್ವಾಸನಾಳಕ್ಕೂ ತಗಲಬಹುದು, ಅದು ಎರಡಾಗಿ ಒಡೆಯುವ ಎಡ-ಬಲ ಕವಲುಗಳಿಗೂ ತಗಲಬಹುದು. ಅಲ್ಲಿ ಮೊದಲು ಊತ ಬರುತ್ತದೆ, ಆಮೇಲೆ ಹುಣ್ಣಾಗುತ್ತದೆ, ಮೊಸರಿನಂಥ ಬಿಳಿ ಪದಾರ್ಥ ಕಟ್ಟಿಕೊಳ್ಳುತ್ತದೆ. ಔಷಧಕ್ಕೆ ಇವೆಲ್ಲ ಕರಗುತ್ತವೆ. ಕರಗಿದ ಜಾಗದಲ್ಲಿ ಗಾಯದ ಕಲೆ ಕೂರುತ್ತದೆ.

ಕುದಿಯುವ ಗಂಜಿ ಕೈ ಮೇಲೆ ಬಿದ್ದವರನ್ನು ನೋಡಿದ್ದೀರಲ್ಲ, ಗಾಯ ಒಣಗಿದಂತೆ ಚರ್ಮ ಬಿಗಿದು ಸುಕ್ಕುಗಟ್ಟುತ್ತದೆ. ನಾಳದ ಒಳಗೆ ಸುತ್ತಲೂ ಇರುವ ಗಾಯ ಹಾಗೆ ಬಿಗಿದರೆ ಎಲೆ-ಅಡಿಕೆ ಸಂಚಿಯ ದಾರ ಎಳೆದಂತೆ, ಬಾಯಿ ಮುಚ್ಚುತ್ತಾ ಬರುತ್ತದೆ. ನಾಳದ ಅಡ್ಡಳತೆ ಅರ್ಧಕ್ಕೆ ಇಳಿದರೆ ಗಾಳಿಗೆ ಎದುರಾಗುವ ತಡೆ ಎರಡು ಪಟ್ಟು ಹೆಚ್ಚಿ ನಿಲ್ಲುವುದಿಲ್ಲ, ಲೆಕ್ಕದ ಪ್ರಕಾರ 16 ಪಟ್ಟಾಗುತ್ತದೆ. ಹಾಗಾಗಿಯೇ 'ನಿನ್ನೆಯವರೆಗೂ ಚೆನ್ನಾಗಿದ್ದೆ, ಇದ್ದಕ್ಕಿದ್ದಂತೆ ಹೀಗಾಯಿತು' ಎಂದು ರೋಗಿಗೆ ಅನ್ನಿಸುವುದು. ಒಳಗೆ ನಾಳ ಕಿರಿದಾಗುತ್ತಾ ಬಂದಿದ್ದು ತಿಂಗಳುಗಟ್ಟಲೆ.

ಇದು ಎಷ್ಟು ಜನರಿಗೆ ಬರುತ್ತದೆ? ಹೆಂಗಸರಿಗೇ ಹೆಚ್ಚಂತೆ?

ಶ್ವಾಸಕೋಶದ ಟಿಬಿ ಇದ್ದವರಿಗೆ ಬ್ರಾಂಕೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ನಾಳದ ಒಳಗೆ ನೋಡುವ ಪರೀಕ್ಷೆ) ಮಾಡಿ ನೋಡಿದ ಅಧ್ಯಯನಗಳಲ್ಲಿ 100ಕ್ಕೆ 10ರಿಂದ 40 ಜನರ ಶ್ವಾಸನಾಳದಲ್ಲೂ ರೋಗ ಕಂಡಿದೆ. ಎಲ್ಲ ಟಿಬಿ ರೋಗಿಗಳಿಗೂ ಬ್ರಾಂಕೋಸ್ಕೋಪಿ ಮಾಡುವುದಿಲ್ಲವಾದ್ದರಿಂದ ಬಹಳಷ್ಟು ಪ್ರಕರಣ ಆ ಹೊತ್ತಿಗೆ ಕಣ್ಣಿಗೆ ಬೀಳುವುದೇ ಇಲ್ಲ. ಹೌದು, ಇದು ಕಾಣಿಸುವುದು ಎಳೆಯ ಮತ್ತು ನಡುವಯಸ್ಸಿನ ಹೆಂಗಸರಲ್ಲೇ ಹೆಚ್ಚು. ನಾಲ್ಕು ಜನರ ಮುಂದೆ ಕಫ ಉಗುಳಲು ಸಂಕೋಚಪಟ್ಟು ನುಂಗಿಕೊಳ್ಳುವುದರಿಂದ ಕ್ರಿಮಿಭರಿತ ಕಫ ನಾಳದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ ಎನ್ನುವುದು ಇದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು. ಹೆಂಗಸರ ನಾಳ ಸಹಜವಾಗಿಯೇ ಸ್ವಲ್ಪ ಸಣ್ಣದು ಎನ್ನುವುದು ಇನ್ನೊಂದು.

ಎಡಗಡೆಯ ಮುಖ್ಯ ಕವಲಿಗೆ ಹೆಚ್ಚು ಪೆಟ್ಟು ಬೀಳುತ್ತದೆ. ಬಲಗಡೆಯದು ಸುಮಾರು 2.5 ಸೆಂ.ಮೀ. ಉದ್ದವಿದ್ದು ಅಗಲವಾಗಿದೆ. ಎಡಗಡೆಯದು ಸುಮಾರು 5 ಸೆಂ.ಮೀ. ಉದ್ದ, ಸಪೂರ, ಮಹಾಪಧಮನಿಯ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಕಮಾನಿನ ಕೆಳಗೆ ನುಸುಳಿ ಹೋಗಬೇಕು.

ಎರಡು ವರ್ಷದಿಂದ ದಮ್ಮು ಎಂದು ಇನ್‌ಹೇಲರ್ ಎಳೆಯುತ್ತಿದ್ದೇನೆ. ನನ್ನದು ದಮ್ಮೋ, ಇದೋ ಎಂದು ಗೊತ್ತಾಗುವುದು ಹೇಗೆ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಏಕೆಂದರೆ ಆ ಎರಡು ವರ್ಷವೇ ಬಹಳ ಬೆಲೆಯುಳ್ಳ ಕಾಲ.

ದಮ್ಮು ಬರುತ್ತದೆ, ಹೋಗುತ್ತದೆ. ರಾತ್ರಿ ಕಾಡಿ ಬೆಳಗ್ಗೆ ಹಗುರಾಗಬಹುದು. ಇನ್‌ಹೇಲರ್ ಎಳೆದರೆ ಸ್ವಲ್ಪ ಹೊತ್ತಿನಲ್ಲಿ ಎದೆ ಬಿಡುತ್ತದೆ. ಕಲೆಯಿಂದ ಕಿರಿದಾದ ನಾಳದ ಉಸಿರುಕಟ್ಟು ಹಾಗೆ ಬಂದು ಹೋಗುವುದಿಲ್ಲ. ಅದು ಯಾವಾಗಲೂ ಇರುತ್ತದೆ, ನಿಧಾನವಾಗಿ ಹೆಚ್ಚುತ್ತಲೇ ಹೋಗುತ್ತದೆ, ಇನ್‌ಹೇಲರ್‌ಗೆ ಹೆಚ್ಚೇನೂ ಬಗ್ಗುವುದಿಲ್ಲ. ಸುಯ್ಯೆನ್ನುವ ಸದ್ದು ಎದೆಯ ಒಂದೇ ಪಕ್ಕದಲ್ಲಿ, ಒಂದೇ ಜಾಗದಲ್ಲಿ ಕೇಳಿಸುತ್ತದೆ. ಅದೇ ಪಕ್ಕದಲ್ಲಿ ಪದೇ ಪದೇ ನ್ಯುಮೋನಿಯಾ ಆಗುವುದು, ಕೆಮ್ಮಿದರೂ ಕಫ ಕೀಳದೆ ಒಳಗೇ ಸಿಕ್ಕಿಕೊಂಡಂತೆ ಅನ್ನಿಸುವುದು, ಆಗಾಗ ಕಫದಲ್ಲಿ ರಕ್ತದ ಎಳೆ ಕಾಣುವುದು ಕೂಡ ಸುಳಿವುಗಳೇ. ಮುಖ್ಯ ಶ್ವಾಸನಾಳವೇ ಕಿರಿದಾಗಿದ್ದರೆ ಉಸಿರು ಒಳಗೆ ಎಳೆಯುವಾಗ ಗಂಟಲ ಹತ್ತಿರ ಕರ್ಕಶವಾದ ಸದ್ದು ಬರುತ್ತದೆ.

ಹಿಂದೆ ಟಿಬಿ ಆಗಿತ್ತು ಎನ್ನುವುದನ್ನು ದಯವಿಟ್ಟು ಮುಚ್ಚಿಡಬೇಡಿ. ಮದುವೆಯ ಭಯಕ್ಕೆ, ನೆರೆಮನೆಯವರ ಮಾತಿನ ಭಯಕ್ಕೆ ಅದನ್ನು ವೈದ್ಯರಿಂದಲೂ ಮರೆಮಾಚಿ ವರ್ಷಗಟ್ಟಲೆ ದಮ್ಮಿನ ಔಷಧ ತೆಗೆದುಕೊಂಡವರು ಇದ್ದಾರೆ. ಆ ಒಂದು ಮಾತು ಮೊದಲೇ ಹೇಳಿದ್ದರೆ ಸಿಟಿ ಸ್ಕ್ಯಾನ್ ಆ ವಾರವೇ ಆಗುತ್ತಿತ್ತು.

ಎಕ್ಸ್‌ರೇ ನಾರ್ಮಲ್ ಬಂದಿದೆಯಲ್ಲ?

ಬರಬಹುದು. ನಾಳದ ಒಳಗಿನ ರೋಗ ಎಕ್ಸ್‌ರೇಯಲ್ಲಿ ಕಾಣದೇ ಇರುವುದು ಉಂಟು. ಕಫ ಪರೀಕ್ಷೆಯೂ ನೆಗೆಟಿವ್ ಬರಬಹುದು, ಏಕೆಂದರೆ ಕಿರಿದಾದ ಜಾಗದ ಆಚೆಗಿನ ಕಫ ಹೊರಗೇ ಬರುವುದಿಲ್ಲ. ಎದೆಯ ಸಿಟಿ ಸ್ಕ್ಯಾನ್‌ನಲ್ಲಿ ನಾಳ ಎಲ್ಲಿ, ಎಷ್ಟು ಉದ್ದಕ್ಕೆ, ಎಷ್ಟು ಕಿರಿದಾಗಿದೆ, ಅದರಾಚೆ ಶ್ವಾಸಕೋಶ ಜೀವಂತವಾಗಿದೆಯೇ ಎಂದು ತಿಳಿಯುತ್ತದೆ. ಉಸಿರಿನ ಬಲ ಅಳೆಯಲು ಊದಿಸುವ ಪರೀಕ್ಷೆಯ ಗೆರೆಯ ಆಕಾರವೂ ಸುಳಿವು ಕೊಡುತ್ತದೆ. ಕೊನೆಯ ಮಾತು ಮಾತ್ರ ಬ್ರಾಂಕೋಸ್ಕೋಪಿಯದೇ. ತುದಿಯಲ್ಲಿ ಕ್ಯಾಮೆರಾ ಇರುವ ತೆಳ್ಳಗಿನ ಕೊಳವೆಯನ್ನು ಮೂಗಿನಿಂದಲೋ ಬಾಯಿಂದಲೋ ಇಳಿಸಿ ಕಣ್ಣಾರೆ ನೋಡುವುದು. ಅಲ್ಲಿಂದ ತೆಗೆದ ದ್ರವ ಮತ್ತು ಚೂರನ್ನು ಟಿಬಿ ಕ್ರಿಮಿಯ ವಂಶವಾಹಿ ಹುಡುಕುವ ಸಿಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆಗೂ, ಕ್ರಿಮಿ ಬೆಳೆಸಿ ನೋಡುವ ಕಲ್ಚರ್‌ಗೂ ಕಳಿಸುತ್ತಾರೆ. ಕ್ರಿಮಿ ಇನ್ನೂ ಬದುಕಿದೆಯೇ, ಮುಖ್ಯ ಟಿಬಿ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬುದು ಅದರಿಂದ ಗೊತ್ತಾಗುತ್ತದೆ. ನಾಳದಲ್ಲಿ ಗಡ್ಡೆಯಂತೆ ಉಬ್ಬಿ ಕ್ಯಾನ್ಸರ್ ಎಂದು ಭ್ರಮೆ ಹುಟ್ಟಿಸುವ ಟಿಬಿಯೂ ಇದೆ. ಚೂರು ತೆಗೆದು ನೋಡುವುದು ಅದಕ್ಕೂ ಬೇಕು.

ಭಯ ಪಡುವಷ್ಟು ನೋವಿಲ್ಲ. ಗಂಟಲು ಮರಗಟ್ಟಿಸುತ್ತಾರೆ, ಮಂಪರು ಬರುವ ಔಷಧ ಕೊಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಮುಗಿದ ಮೇಲೂ ಗಂಟಲಿನ ಮರಗಟ್ಟು ಇಳಿಯುವವರೆಗೆ ನೀರು ಕೂಡ ಕುಡಿಯಬಾರದು, ನೆತ್ತಿಗೆ ಹತ್ತುತ್ತದೆ.

ಟಿಬಿ ಮಾತ್ರೆಯಿಂದಲೇ ನಾಳ ತೆರೆದುಕೊಳ್ಳುವುದಿಲ್ಲವೇ?

ರೋಗ ಯಾವ ಹಂತದಲ್ಲಿದೆ ಎನ್ನುವುದರ ಮೇಲಿದೆ. ಬರೀ ಊತ, ಕೆಂಪು, ಸಣ್ಣ ಹರಳಿನಂಥ ಗುಳ್ಳೆಗಳ ಹಂತದಲ್ಲೇ ಸಿಕ್ಕಿದರೆ ಮಾತ್ರೆಯೊಂದರಿಂದಲೇ ನಾಳ ಮೊದಲಿನಂತಾಗಬಹುದು. ಹುಣ್ಣು ಆಳವಾಗಿ ಮೃದ್ವಸ್ಥಿಗೆ (ನಾಳವನ್ನು ತೆರೆದಿಡುವ ಮೆತ್ತನೆಯ ಎಲುಬು) ಇಳಿದಿದ್ದರೆ, ಗಡ್ಡೆಯಂತೆ ಬೆಳೆದಿದ್ದರೆ, ಮಾತ್ರೆ ಸರಿಯಾಗಿ ನುಂಗಿದರೂ ಕಿರಿದಾಗುವ ಸಾಧ್ಯತೆ ಉಳಿಯುತ್ತದೆ. ಕಲೆ ಕೂತ ಮೇಲೆ ಯಾವ ಮಾತ್ರೆಯೂ ಅದನ್ನು ಕರಗಿಸುವುದಿಲ್ಲ.

ಇದನ್ನು ಕೇಳಿ 'ಹಾಗಾದರೆ ಮಾತ್ರೆ ಯಾಕೆ' ಎಂದುಕೊಳ್ಳಬೇಡಿ. ನಾಳ ಹಿಗ್ಗಿಸುವ ಬಲೂನಿಗೂ, ಅದನ್ನು ತೆರೆದಿಡಲು ಒಳಗೆ ಕೂರಿಸುವ ಸ್ಟೆಂಟ್‌ಗೂ, ಆಪರೇಷನ್‌ಗೂ ಮೊದಲು ಕ್ರಿಮಿ ಸಾಯಲೇಬೇಕು. ಔಷಧಕ್ಕೆ ಬಗ್ಗುವ ಟಿಬಿಗೆ ಮಾಮೂಲಿ ಕೋರ್ಸ್ 6 ತಿಂಗಳು: ಮೊದಲ 2 ತಿಂಗಳು ನಾಲ್ಕು ಔಷಧ, ಮುಂದಿನ 4 ತಿಂಗಳು ಮೂರು ಔಷಧ. ಸರ್ಕಾರಿ ಕೇಂದ್ರಗಳಲ್ಲಿ ಇವು ಉಚಿತ. ಔಷಧಕ್ಕೆ ಬಗ್ಗದ ತಳಿಯಾದರೆ ಬೇರೆ ಕೋರ್ಸ್. ಉರಿಯುತ್ತಿರುವ ರೋಗದ ನಡುವೆ ನಾಳ ಹಿಗ್ಗಿಸಿದರೆ ಅದು ಬೇಗ ಮತ್ತೆ ಮುಚ್ಚಿಕೊಳ್ಳುತ್ತದೆ. ಜೀವಕ್ಕೇ ಸಂಚಕಾರ ಬಂದಾಗ ಮಾತ್ರ ಕಾಯದೆ ಮಾಡುತ್ತಾರೆ.

ಕೋರ್ಸ್ ನಡೆಯುವಾಗಲೇ ಒಂದು ಪಕ್ಕದ ಸುಯ್ಯೆನ್ನುವ ಸದ್ದು ಶುರುವಾದರೆ ಆರು ತಿಂಗಳು ಮುಗಿಯಲಿ ಎಂದು ಕಾಯಬೇಡಿ, ಅವತ್ತೇ ಹೇಳಿ. ಈ ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಿಷ್ಕಿಂಧೆಯಾದ ನಾಳವನ್ನು ಹಿಗ್ಗಿಸಬಹುದು, ಪೂರ್ತಿ ಹೊಲಿದಂತೆ ಮುಚ್ಚಿಹೋದದ್ದನ್ನು ತೆರೆಯುವುದು ಬಲು ಕಷ್ಟ. ಗಾಳಿ ಕಾಣದೆ ಕೀವು ತುಂಬಿ ಹಾಳಾದ ಶ್ವಾಸಕೋಶವನ್ನು ಮರಳಿ ತರಲು ಯಾರಿಂದಲೂ ಆಗುವುದಿಲ್ಲ.

ಸ್ಟೀರಾಯ್ಡ್ ಕೊಟ್ಟರೆ ಕಲೆ ಆಗುವುದಿಲ್ಲ ಎನ್ನುತ್ತಾರೆ.

ಊತದ ಹಂತದಲ್ಲಿ ಕೆಲವು ವೈದ್ಯರು ಕೊಡುತ್ತಾರೆ. ದೊಡ್ಡವರಲ್ಲಿ ಅದು ನಾಳ ಕಿರಿದಾಗುವುದನ್ನು ಖಚಿತವಾಗಿ ತಡೆಯುತ್ತದೆ ಎನ್ನಲು ಗಟ್ಟಿ ಆಧಾರ ಸಿಕ್ಕಿಲ್ಲ. ಗಟ್ಟಿಯಾದ ಕಲೆಗಂತೂ ಪ್ರಯೋಜನವಿಲ್ಲ. ಟಿಬಿ ಮಾತ್ರೆಯ ರಕ್ಷಣೆ ಇಲ್ಲದೆ ಬರೀ ಸ್ಟೀರಾಯ್ಡ್ ನುಂಗಿದರೆ ಕ್ರಿಮಿ ಕೆರಳುತ್ತದೆ. ದಮ್ಮು ಎಂದು ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ತಂದು ನುಂಗುವವರು ಇದನ್ನು ತಿಳಿದಿರಬೇಕು. ಇನ್ನೊಂದು ವಿಷಯ, ರಿಫಾಂಪಿಸಿನ್ ದೇಹದಲ್ಲಿ ಸ್ಟೀರಾಯ್ಡ್ ಬೇಗ ಕರಗಿಹೋಗುವಂತೆ ಮಾಡುತ್ತದೆ. ಹಾಗಾಗಿ ಡೋಸ್ ಅನ್ನು ವೈದ್ಯರೇ ಲೆಕ್ಕ ಹಾಕಬೇಕು.

ಮಗುವಿಗೆ ಹೀಗಾದರೆ?

ಮಕ್ಕಳ ಕಥೆ ಬೇರೆ. ಅವರಲ್ಲಿ ತೊಂದರೆ ಸಾಮಾನ್ಯವಾಗಿ ನಾಳದ ಹೊರಗಿನಿಂದ ಬರುತ್ತದೆ. ಟಿಬಿಯಿಂದ ಊದಿದ ದುಗ್ಧಗ್ರಂಥಿಗಳು (ನಾಳದ ಸುತ್ತ ಇರುವ, ಸೋಂಕಾದರೆ ಊದುವ ಸಣ್ಣ ಗಂಟುಗಳು) ಮೆತ್ತಗಿನ ಸಣ್ಣ ನಾಳವನ್ನು ಒತ್ತುತ್ತವೆ, ಕೆಲವೊಮ್ಮೆ ಗೋಡೆ ಕೊರೆದು ಒಳಗೆ ಒಡೆಯುತ್ತವೆ. ಟಿಬಿ ಔಷಧದ ಜೊತೆಗೆ ಕೆಲವು ವಾರ ಸ್ಟೀರಾಯ್ಡ್ ಕೊಡುವುದಕ್ಕೆ ಇಲ್ಲಿ ನಿಜವಾದ ಜಾಗವಿದೆ. ಬಹಳಷ್ಟು ಮಕ್ಕಳು ಅಷ್ಟಕ್ಕೇ ಸುಧಾರಿಸುತ್ತಾರೆ. ಹಾಗಾಗದೆ ಉಸಿರುಕಟ್ಟು ಮುಂದುವರಿದರೆ ಆಪರೇಷನ್ ಮಾಡಿ ಗ್ರಂಥಿಯೊಳಗಿನದನ್ನು ಖಾಲಿ ಮಾಡಿ ಒತ್ತಡ ಇಳಿಸುತ್ತಾರೆ. ಔಷಧ ಶುರುಮಾಡಿದ ಮೊದಲ ವಾರಗಳಲ್ಲಿ ಗ್ರಂಥಿ ಇನ್ನಷ್ಟು ಊದಿಕೊಳ್ಳುವುದೂ ಉಂಟು. ಮಗು ಉಸಿರಾಡುವಾಗ ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದರೆ, ಹಾಲು ಕುಡಿಯುತ್ತಾ ನಡುನಡುವೆ ನಿಲ್ಲಿಸಿ ಏದುಸಿರು ಬಿಟ್ಟರೆ ಕಾಯಬೇಡಿ.

ಕಿರಿದಾದ ನಾಳವನ್ನು ಹೇಗೆ ಹಿಗ್ಗಿಸುತ್ತಾರೆ?

ಮೊದಲ ಆಯ್ಕೆ ಸಾಮಾನ್ಯವಾಗಿ ಬಲೂನ್. ಬ್ರಾಂಕೋಸ್ಕೋಪಿನ ಮೂಲಕ ಮಡಿಸಿದ ಬಲೂನನ್ನು ಕಿರಿದಾದ ಜಾಗಕ್ಕೆ ತೂರಿಸಿ, ನೀರು ತುಂಬಿ ಉಬ್ಬಿಸಿ, ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಹಿಡಿದು ಬಿಡುತ್ತಾರೆ. ಮತ್ತೆ ಉಬ್ಬಿಸುತ್ತಾರೆ. ಕಿರಿದಾದ ಭಾಗ ಚಿಕ್ಕದಾಗಿದ್ದು, ಅದರಾಚೆಯ ಶ್ವಾಸಕೋಶ ಚೆನ್ನಾಗಿದ್ದರೆ ಇದರ ಫಲ ಚೆನ್ನಾಗಿರುತ್ತದೆ. ಎದ್ದ ತಕ್ಷಣವೇ 'ಎದೆ ಹಗುರಾಯಿತು' ಎನ್ನುವವರಿದ್ದಾರೆ.

ಕಲೆ ಉಂಗುರದಂತೆ ಗಟ್ಟಿಯಾಗಿದ್ದರೆ ಬಲೂನಿಗೆ ಮೊದಲು ವಿದ್ಯುತ್ ಚಾಕು ಅಥವಾ ಲೇಸರ್‌ನಿಂದ ಎರಡು ಮೂರು ಕಡೆ ಸಣ್ಣ ಗೀರು ಹಾಕುತ್ತಾರೆ. ಇಲ್ಲವಾದರೆ ಬಲೂನು ಎಲ್ಲಿ ಬೇಕೆಂದರಲ್ಲಿ ಹರಿಯುತ್ತದೆ. ಅತಿಯಾದ ಶಾಖ ಮಾತ್ರ ಹೊಸ ಕಲೆಗೆ ತಾನೇ ಕಾರಣವಾಗಬಹುದು. ಆದ್ದರಿಂದ ನಾಳದೊಳಗೆ ಮಾಂಸ ಬೆಳೆದು ಅಡ್ಡಗಟ್ಟಿದ್ದರೆ ಅತಿ ತಣ್ಣಗಿನ ತುದಿಯಿಂದ ಹೆಪ್ಪುಗಟ್ಟಿಸಿ ತೆಗೆಯುವ ಕ್ರಯೋ ವಿಧಾನವನ್ನು ಅನೇಕರು ಮೆಚ್ಚುತ್ತಾರೆ. ಶೀತ ಮೃದ್ವಸ್ಥಿಗೆ ಅಷ್ಟಾಗಿ ಹಾನಿ ಮಾಡುವುದಿಲ್ಲ.

ಅಪಾಯಗಳನ್ನೂ ಹೇಳಿಬಿಡುತ್ತೇನೆ. ರಕ್ತ ಬರಬಹುದು, ಗೋಡೆ ಹರಿದು ಗಾಳಿ ಎದೆಗೂಡಿಗೆ ಸೋರಬಹುದು. ಆದ್ದರಿಂದಲೇ ಇದನ್ನು ಅರಿವಳಿಕೆ ತಜ್ಞರು, ಎದೆಯ ಶಸ್ತ್ರಚಿಕಿತ್ಸಕರು ಹತ್ತಿರವಿರುವ ಕಡೆ ಮಾಡಿಸಿಕೊಳ್ಳಬೇಕು.

ಒಂದೇ ಸಲಕ್ಕೆ ಮುಗಿಯುತ್ತದೆಯೇ?

ಬಹುಪಾಲು ಮುಗಿಯುವುದಿಲ್ಲ. ಕಲೆಗೆ ಮತ್ತೆ ಬಿಗಿಯುವ ಸ್ವಭಾವ. ಕೆಲವು ವಾರ ಬಿಟ್ಟು ಎರಡನೆಯ, ಮೂರನೆಯ ಸಲ ಹಿಗ್ಗಿಸಬೇಕಾಗುವುದು ಮಾಮೂಲು. 'ಮತ್ತೆ ಮುಚ್ಚಿಕೊಂಡಿದೆ' ಎಂದಾಗ ಮೋಸ ಹೋದೆವು ಎಂದುಕೊಂಡು ಆಸ್ಪತ್ರೆಗೆ ಬರುವುದನ್ನೇ ನಿಲ್ಲಿಸಿದವರಿದ್ದಾರೆ. ಇದನ್ನು ಮೊದಲ ದಿನವೇ ಹೇಳದೆ ಇರುವುದು ನಮ್ಮ ಕಡೆಯ ತಪ್ಪು.

ಹೃದಯಕ್ಕೆ ಹಾಕುವಂತೆ ಇಲ್ಲಿಗೂ ಸ್ಟೆಂಟ್ ಹಾಕಿಬಿಟ್ಟರೆ ಆಯಿತಲ್ಲ?

ಹೃದಯದ ಸ್ಟೆಂಟ್ ಒಳಗೇ ಉಳಿಯಲೆಂದು ಹಾಕುವ ಲೋಹದ ಜಾಲರಿ. ಅದೇ ಯೋಚನೆಯನ್ನು ಶ್ವಾಸನಾಳಕ್ಕೆ ತಂದರೆ ಅನಾಹುತ. ಇಲ್ಲಿ ಲೋಹದ ಜಾಲರಿಯ ಕಣ್ಣುಗಳೊಳಗೆ ಮಾಂಸ ಬೆಳೆದು ಹಿಡಿದುಕೊಳ್ಳುತ್ತದೆ, ತಂತಿ ಮುರಿಯುತ್ತದೆ, ತೆಗೆಯಲು ಹೋದರೆ ಗೋಡೆಯೇ ಕಿತ್ತು ಬರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ, ಕ್ಯಾನ್ಸರ್ ಅಲ್ಲದ ಕಾರಣಕ್ಕೆ ಶ್ವಾಸನಾಳ ಕಿರಿದಾದವರಿಗೆ ಲೋಹದ ಸ್ಟೆಂಟ್ ಬಳಸುವುದರ ವಿರುದ್ಧ ಎಚ್ಚರಿಕೆ ಕೊಟ್ಟಿತು. ಟಿಬಿಯಿಂದ ಕಿರಿದಾದ ನಾಳದವರು ಹೆಚ್ಚಾಗಿ ಎಳೆಯರು, ಅವರ ಮುಂದೆ ದಶಕಗಳ ಬದುಕಿದೆ. ಅವರಿಗೆ ಬರೀ ಲೋಹದ ಸ್ಟೆಂಟ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಬೇರೆ ದಾರಿಯಿಲ್ಲ ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿ.

ಬಲೂನು ಮತ್ತೆ ಮತ್ತೆ ಸೋತಾಗ, ಅಥವಾ ಮೃದ್ವಸ್ಥಿ ಹೋಗಿ ನಾಳ ಒದ್ದೆ ಕಾಗದದ ಕೊಳವೆಯಂತೆ ಕುಸಿಯುತ್ತಿದ್ದಾಗ ಹಾಕುವುದು ಸಿಲಿಕೋನ್ ಸ್ಟೆಂಟ್. ಫ್ರಾನ್ಸಿನ ಮಾರ್ಸೇ ನಗರದ ವೈದ್ಯ ಜಾನ್-ಫ್ರಾಂಸ್ವಾ ಡ್ಯೂಮೊನ್ 1990ರಲ್ಲಿ ಪ್ರಕಟಿಸಿದ ವಿನ್ಯಾಸ ಇಂದಿಗೂ ಬಳಕೆಯಲ್ಲಿದೆ. ಜಾರದಿರಲೆಂದು ಅದರ ಹೊರಮೈಯಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಇದನ್ನು ಕೂರಿಸಲು ಪೂರ್ಣ ಅರಿವಳಿಕೆ ಕೊಟ್ಟು, ಬಾಗದ ಲೋಹದ ಬ್ರಾಂಕೋಸ್ಕೋಪ್ ಬಳಸಬೇಕು. ಆ ಕೈಚಳಕ ಇರುವವರು ಎಲ್ಲ ಊರಲ್ಲೂ ಇಲ್ಲ. ಸಾಮಾನ್ಯವಾಗಿ 6 ತಿಂಗಳಿಂದ ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಇಟ್ಟು, ನಾಳ ಆ ಅಳತೆಗೆ ಒಗ್ಗಿದೆ ಎನ್ನಿಸಿದಾಗ ತೆಗೆದು ನೋಡುತ್ತಾರೆ. ಕೆಲವರಿಗೆ ಮತ್ತೆ ಹಾಕಬೇಕಾಗುತ್ತದೆ.

ಸ್ಟೆಂಟ್ ಇದ್ದಾಗ ಮನೆಯಲ್ಲಿ ಏನು ಮಾಡಬೇಕು?

ಸಿಲಿಕೋನ್ ಗೋಡೆಗೆ ಕಫ ತಳ್ಳುವ ಶಕ್ತಿ ಇಲ್ಲ. ಅದು ಒಣಗಿ ಅಂಟಿಕೊಂಡರೆ ಸ್ಟೆಂಟೇ ಮುಚ್ಚಿಹೋಗುತ್ತದೆ. ದಿನಕ್ಕೆರಡು ಬಾರಿ, ಅಥವಾ ವೈದ್ಯರು ಹೇಳಿದಷ್ಟು ಸಲ, ಸಲೈನ್ ನೆಬ್ಯುಲೈಸರ್ (ಉಪ್ಪುನೀರನ್ನು ಮಂಜಾಗಿಸಿ ಎಳೆದುಕೊಳ್ಳುವ ಯಂತ್ರ) ತಪ್ಪಿಸಬೇಡಿ. ನೀರು ಧಾರಾಳವಾಗಿ ಕುಡಿಯಿರಿ. ಇದ್ದಕ್ಕಿದ್ದಂತೆ ದನಿ ಬದಲಾದರೆ, ಒಂದೇ ಸಮನೆ ಕೆಮ್ಮು ಹತ್ತಿದರೆ, ಹೊಸದಾಗಿ ಉಸಿರು ಕಟ್ಟಿದರೆ ಸ್ಟೆಂಟ್ ಜಾರಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಸ್ಟೆಂಟ್ ಇದೆ ಎಂದು ಬರೆದ ಚೀಟಿ ಪರ್ಸಿನಲ್ಲಿರಲಿ. ನಿಮಗೆ ಮಾತಾಡಲಾಗದ ಹೊತ್ತಿನಲ್ಲಿ ಉಸಿರಾಟಕ್ಕೆ ಟ್ಯೂಬ್ ಹಾಕಲು ಬರುವ ವೈದ್ಯರಿಗೆ ಅದು ತಿಳಿದಿರಬೇಕು.

ಆಪರೇಷನ್ ಎಂದರೆ ಶ್ವಾಸಕೋಶವನ್ನೇ ತೆಗೆಯುವುದೇ?

ಯಾವಾಗಲೂ ಅಲ್ಲ. ಕಿರಿದಾದ ತುಂಡನ್ನಷ್ಟೇ ಕತ್ತರಿಸಿ, ಎರಡು ತುದಿಗಳನ್ನು ಕೂಡಿಸಿ ಹೊಲಿಯುವ ವಿಧಾನವಿದೆ. ಅಂಗಿಯ ತೋಳು ಬಿಚ್ಚಿ ಮೋಟು ಮಾಡಿ ಮತ್ತೆ ಹೊಲಿದಂತೆ. ಬ್ರಿಟನ್ನಿನ ಶಸ್ತ್ರಚಿಕಿತ್ಸಕ ಕ್ಲೆಮೆಂಟ್ ಪ್ರೈಸ್ ಥಾಮಸ್ 1947ರಲ್ಲಿ ಒಬ್ಬ ಯುವಕನ ನಾಳದ ಗಡ್ಡೆಗೆ ಹೀಗೆ ಮಾಡಿ ಶ್ವಾಸಕೋಶ ಉಳಿಸಿದರು. ಟಿಬಿಯ ಕಲೆಗೂ ಇದು ಒಗ್ಗಿತು. ಕ್ರಿಮಿ ಪೂರ್ತಿ ಹತೋಟಿಗೆ ಬಂದಿರಬೇಕು, ಕಲೆ ಹರಡದೆ ಒಂದೆಡೆ ನಿಂತಿರಬೇಕು, ಆಚೆಯ ಶ್ವಾಸಕೋಶ ಉಳಿಸಲು ಯೋಗ್ಯವಾಗಿರಬೇಕು. ಈ ಮೂರೂ ಕೂಡಿಬಂದ ಎಳೆಯ ರೋಗಿಗೆ ವರ್ಷಗಟ್ಟಲೆ ಸ್ಟೆಂಟ್ ಬದಲಿಸುತ್ತಾ ಕೂರುವುದಕ್ಕಿಂತ ಇದೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಆಚೆಯ ಶ್ವಾಸಕೋಶ ಹಾಳಾಗಿ ಪದೇ ಪದೇ ಸೋಂಕು, ರಕ್ತ ಬರುತ್ತಿದ್ದರೆ ಆ ಭಾಗವನ್ನು ಅಥವಾ ಆ ಪಕ್ಕದ ಶ್ವಾಸಕೋಶವನ್ನು ತೆಗೆಯಬೇಕಾಗುತ್ತದೆ. ಉಳಿದದ್ದು ಆರೋಗ್ಯವಾಗಿದ್ದರೆ ಒಂದೇ ಶ್ವಾಸಕೋಶದಲ್ಲಿ ಮನೆಗೆಲಸ, ನೌಕರಿ ಮಾಡಿಕೊಂಡು ಬದುಕಬಹುದು.

ನಾಳ ಪೂರ್ತಿ ಮುಚ್ಚಿದೆ, ಆದರೆ ಏನೂ ಮಾಡುವುದು ಬೇಡ ಎಂದರು. ಕೈಬಿಟ್ಟರೇ?

ಇಲ್ಲ. ಮುಚ್ಚಿದ ನಾಳದಾಚೆಗಿನ ಭಾಗ ಒಣಗಿ ಸುಮ್ಮನಿದ್ದು, ಜ್ವರ, ರಕ್ತ, ಸೋಂಕು ಏನೂ ಇಲ್ಲದಿದ್ದರೆ ಅದನ್ನು ಕೆದಕದೆ ಬಿಡುವುದೇ ಸರಿ. ತೆರೆದರೂ ಆ ಭಾಗ ಉಸಿರಾಡುವುದಿಲ್ಲ.

ನಮ್ಮದೇ ಕಾಂಡಕೋಶದಿಂದ (ಸ್ಟೆಮ್ ಸೆಲ್) ಹೊಸ ಶ್ವಾಸನಾಳ ಬೆಳೆಸಿ ಹಾಕುತ್ತಾರೆ ಎಂದು ಓದಿದ್ದೆವು.

ಆ ಸುದ್ದಿಯ ಮೊದಲ ರೋಗಿಯೇ ಟಿಬಿಯಿಂದ ಎಡ ಕವಲು ಹಾಳಾಗಿದ್ದ 30 ವರ್ಷದ ಮಹಿಳೆ. 2008ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಪಾವ್ಲೋ ಮಾಕಿಯಾರಿನಿ ಎಂಬ ಶಸ್ತ್ರಚಿಕಿತ್ಸಕ, ದಾನಿಯೊಬ್ಬರ ಶ್ವಾಸನಾಳದ ತುಂಡಿನಿಂದ ಮೂಲ ಜೀವಕೋಶಗಳನ್ನು ತೊಳೆದು, ರೋಗಿಯದೇ ಕೋಶಗಳನ್ನು ಅದರ ಮೇಲೆ ಬೆಳೆಸಿ ಕೂಡಿಸಿದರು. 'ದಿ ಲ್ಯಾನ್ಸೆಟ್' ಪತ್ರಿಕೆ ಅದನ್ನು ಪ್ರಕಟಿಸಿತು, ಲೋಕವೆಲ್ಲ ಕೊಂಡಾಡಿತು. ಆದರೆ ಆ ನಾಳ ಕುಸಿಯಿತು, ಸ್ಟೆಂಟ್ ಹಾಕಬೇಕಾಯಿತು, 2016ರಲ್ಲಿ ಆಕೆಯ ಎಡ ಶ್ವಾಸಕೋಶವನ್ನೇ ತೆಗೆಯಬೇಕಾಯಿತು. 2023ರಲ್ಲಿ ಲ್ಯಾನ್ಸೆಟ್ ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು. ಸ್ವೀಡನ್‌ನಲ್ಲಿ ಪ್ಲಾಸ್ಟಿಕ್ ಶ್ವಾಸನಾಳ ಹಾಕಿದ ಬೇರೆ ರೋಗಿಗಳ ಪ್ರಕರಣದಲ್ಲಿ ಅದೇ ವರ್ಷ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಮಾಕಿಯಾರಿನಿಗೆ ಎರಡೂವರೆ ವರ್ಷದ ಜೈಲು ವಿಧಿಸಿತು.

ಆ ಮಹಿಳೆಯ ನೋವು ನಮ್ಮಲ್ಲಿ ಬರುವ ಎಷ್ಟೋ ಹೆಣ್ಣುಮಕ್ಕಳ ನೋವೇ. 'ಸ್ಟೆಮ್ ಸೆಲ್‌ನಿಂದ ಟಿಬಿ ಕಲೆ ಮಾಯ' ಎಂಬ ಜಾಹೀರಾತು ಕಂಡರೆ, ಹೊಲ ಅಡವಿಟ್ಟು ಹಣ ಕಟ್ಟುವ ಮೊದಲು ಈ ಕಥೆ ನೆನಪಿಸಿಕೊಳ್ಳಿ.

ಮನೆಯವರಿಗೆ ಅಂಟುತ್ತದೆಯೇ? ಮದುವೆ, ಬಸಿರು?

ಕೋರ್ಸ್ ಮುಗಿಸಿ, ಪರೀಕ್ಷೆಯಲ್ಲಿ ಕ್ರಿಮಿ ಇಲ್ಲವೆಂದಾದ ಮೇಲೆ ಉಳಿದಿರುವುದು ಕಲೆ ಮಾತ್ರ. ಕಲೆ ಅಂಟುವುದಿಲ್ಲ. ಸುಯ್ಯೆನ್ನುವ ಸದ್ದು ಕೇಳಿ ತಟ್ಟೆ ಲೋಟ ಬೇರೆ ಇಡುವುದು ಬರೀ ಕ್ರೌರ್ಯ. ರೋಗ ಇನ್ನೂ ಸಕ್ರಿಯವಾಗಿದ್ದರೆ ಮಾತ್ರ ನಾಳದ ಟಿಬಿ ಬಹಳ ಅಂಟುಗುಣದ್ದು. ಔಷಧ ಶುರುವಾಗಿ ವೈದ್ಯರು ಹೇಳುವವರೆಗೆ ಮಾಸ್ಕ್ ಬೇಕು, ಕಿಟಕಿ ತೆರೆದಿರಬೇಕು.

ಮದುವೆಗೆ ಅಡ್ಡಿಯಿಲ್ಲ. ಬಸಿರಿನಲ್ಲಿ ಹೊಟ್ಟೆ ಬೆಳೆದಂತೆ ಉಸಿರಿಗೆ ಜಾಗ ಕಡಿಮೆಯಾಗುತ್ತದೆ, ಹಾಗಾಗಿ ನಾಳವನ್ನು ಮೊದಲು ಸರಿಮಾಡಿಸಿಕೊಂಡು ಆಮೇಲೆ ಮಗುವಿನ ಯೋಚನೆ ಮಾಡಿ. ರಿಫಾಂಪಿಸಿನ್ ನುಂಗುವಾಗ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗುತ್ತದೆ. ಬೇರೆ ವಿಧಾನ ಕೇಳಿ ತಿಳಿದುಕೊಳ್ಳಿ.

ಹಬೆ, ಕಷಾಯ, ಪ್ರಾಣಾಯಾಮ?

ಹಬೆ ಗಂಟಲಿಗೆ ಹಿತ, ಕಲೆಗೆ ಏನೂ ಮಾಡದು. ನಿಧಾನ ಉಸಿರಾಟದ ಅಭ್ಯಾಸ ಒಳ್ಳೆಯದೇ, ರಭಸದ ಕಪಾಲಭಾತಿ ಬೇಡ. ಬೀಡಿ ಸಿಗರೇಟು ಬಿಡಿ, ಸೌದೆ ಒಲೆಯ ಹೊಗೆಯಿಂದ ದೂರವಿರಿ.

ಖರ್ಚು?

ಟಿಬಿ ಔಷಧ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ ₹1000 ಬ್ಯಾಂಕ್ ಖಾತೆಗೆ ಬರುತ್ತದೆ (2024ರ ನವೆಂಬರ್‌ಗೆ ಮುಂಚೆ ₹500 ಇತ್ತು). ದೊಡ್ಡ ಚಿಕಿತ್ಸೆಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ನೆರವಿದೆ. ನಿಮಗೆ ಹೇಳಿದ ಪ್ರಕ್ರಿಯೆ ಅದರಲ್ಲಿದೆಯೇ ಎಂದು ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಕೇಳಿ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮೊದಲೇ ಪಡೆದುಕೊಳ್ಳಿ. ಬೆಂಗಳೂರಿನಲ್ಲಿ ಎದೆರೋಗಗಳಿಗೆಂದೇ ಸರ್ಕಾರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ. ಟಿಬಿ ಸಹಾಯವಾಣಿ 1800-11-6666.

ಯಾವಾಗ ಒಂದು ಕ್ಷಣವೂ ಕಾಯಬಾರದು?

ಒಂದು ಪೂರ್ತಿ ವಾಕ್ಯ ಆಡಲು ಉಸಿರು ಸಾಲದಿದ್ದರೆ, ಕೂತಲ್ಲೇ ಗಂಟಲಿನ ಕರ್ಕಶ ಸದ್ದು ಬರುತ್ತಿದ್ದರೆ, ತುಟಿ ನೀಲಿಯಾದರೆ, ಕೆಮ್ಮಿದಾಗ ಬಟ್ಟಲು ತುಂಬುವಷ್ಟು ರಕ್ತ ಬಂದರೆ 108ಕ್ಕೆ ಕರೆ ಮಾಡಿ. ಮಲಗಿಸಬೇಡಿ, ರೋಗಿಗೆ ಹಿತವೆನ್ನಿಸುವಂತೆ ಕೂರಿಸಿ. ರಕ್ತ ಬರುತ್ತಿದ್ದು ಕೂರಲಾಗದಿದ್ದರೆ, ಯಾವ ಪಕ್ಕದಲ್ಲಿ ರೋಗವಿದೆಯೋ ಆ ಪಕ್ಕ ಕೆಳಗಾಗುವಂತೆ ಮಲಗಿಸಿ.

ತಜ್ಞರನ್ನು ನೋಡಲು ಹೋಗುವಾಗ ಏನೇನು ತರಬೇಕು?

ಟಿಬಿ ಚಿಕಿತ್ಸೆಯ ಕಾರ್ಡ್, ಯಾವ ತಿಂಗಳು ಶುರುವಾಯಿತು, ಯಾವಾಗ ಮುಗಿಯಿತು, ನಡುವೆ ಎಷ್ಟು ದಿನ ತಪ್ಪಿತು ಎಂಬ ವಿವರ, ಕಫದ ಎಲ್ಲ ವರದಿಗಳು. ಸಿಟಿ ಸ್ಕ್ಯಾನಿನ ಬರೀ ವರದಿ ಸಾಲದು, ಸಿಡಿ ಬೇಕು. ಹಳೆಯ ಎಕ್ಸ್‌ರೇ ಹಾಳೆಗಳನ್ನು ಎಸೆಯಬೇಡಿ, ಬೀರುವಿನ ಮೇಲೆ ಸುರುಳಿ ಸುತ್ತಿಟ್ಟದ್ದನ್ನೂ ತನ್ನಿ. ಮೂರು ವರ್ಷದ ಹಿಂದಿನ ಹಾಳೆಯಲ್ಲಿ ಎಡ ಶ್ವಾಸಕೋಶ ಹೇಗಿತ್ತು ಎನ್ನುವುದನ್ನು ಇವತ್ತಿನದರ ಪಕ್ಕ ಹಿಡಿದು ನೋಡಿದರೆ, ಎಷ್ಟು ವೇಗದಲ್ಲಿ ನಾಳ ಮುಚ್ಚುತ್ತಿದೆ, ನಮಗೆ ಇನ್ನೆಷ್ಟು ಸಮಯವಿದೆ ಎಂದು ಅಂದಾಜಿಸಬಹುದು.